ಜರ್ಮನಿಯ ಗಡಿಯಾರ, ನನ್ನ ಕರಡಿಗೆ

ಜರ್ಮನಿಗೆ ಹೋಗಿ ಬಂದವರು ಕೋಟೆ ನೋಡಿದೆವು, ನದಿ ನೋಡಿದೆವು, ಗೋಪುರ ಹತ್ತಿ ಇಳಿದೆವು ಎನ್ನುತ್ತಾರೆ. ನಾನು ನಾಲ್ಕು ವಾರ ಅಲ್ಲಿದ್ದು ಮುಖ್ಯವಾಗಿ ನೋಡಿ ಬಂದದ್ದು ನನ್ನ ಎಡಗೈಯ ಮಣಿಕಟ್ಟನ್ನು. ಅದನ್ನು ಮೈಸೂರಿನಲ್ಲೇ ಕೂತು ನೋಡಬಹುದಿತ್ತಲ್ಲ ಎಂದು ಅವ್ವ ಕೇಳಿದಳು. ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಆ ಮಣಿಕಟ್ಟಿನ ಮೇಲೆ ಒಂದು ಗಡಿಯಾರವಿತ್ತು. ಅದು ನನ್ನ ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಂದು ಹೇಳುತ್ತಿತ್ತು. ಅದು ಏನು ಹೇಳುತ್ತದೋ ಕೇಳಿಕೊಂಡು ಬರಬೇಕಾದ ಅಗತ್ಯ ಆ ವರ್ಷ ನನಗಿತ್ತು.

ಹೊರಡುವ ಮುನ್ನ: ಜಯಲಕ್ಷ್ಮಿಪುರಂ

ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ನಾನು ಯಂತ್ರಗಳ ದುರಸ್ತಿ ನೋಡಿಕೊಳ್ಳುವ ಮೇಲ್ವಿಚಾರಕ. ಹೊಸ ಶತಮಾನ ಹುಟ್ಟಿ ಮೂರು ನಾಲ್ಕು ವರ್ಷವಾಗಿತ್ತು. ಜರ್ಮನಿಯಿಂದ ತಗಡು ಒತ್ತುವ ದೊಡ್ಡದೊಂದು ಪ್ರೆಸ್ ಬರುವುದಿತ್ತು. ಅದನ್ನು ಬಿಚ್ಚಿ ಜೋಡಿಸುವುದನ್ನು ಕಲಿತು ಬಾ ಎಂದು ನನ್ನನ್ನು ಕಳಿಸಿದರು. ಇದು ಕಾರ್ಖಾನೆಯ ಕಡತದಲ್ಲಿರುವ ಕಾರಣ.

ನಾನು ಓಡುವವನು. ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಎರಡು ಸುತ್ತು ಹಾಕಿದವನು. ಹಿಂದಿನ ವರ್ಷ ಕಾರ್ಖಾನೆಯಲ್ಲಿ ಆರೋಗ್ಯ ತಪಾಸಣೆ ನಡೆಯಿತು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, "ಏನೋ ಸ್ವಲ್ಪ ಸದ್ದಿದ್ದ ಹಾಗಿದೆ" ಎಂದರು. ಇ.ಸಿ.ಜಿ. ಆಯಿತು. ನರ್ಸು ನನ್ನ ಎದೆಯ ಮೇಲಿದ್ದ ಕರಡಿಗೆಯನ್ನು ನೋಡಿ, "ಇದನ್ನ ಸ್ವಲ್ಪ ಭುಜದ ಮೇಲಕ್ಕೆ ಹಾಕ್ಕೊಳಿ ಸಾರ್" ಎಂದಳು. ಕರಡಿಗೆ ಎಂದರೆ ಲಿಂಗವನ್ನು ಇಟ್ಟು ದಾರದಲ್ಲಿ ಎದೆಯ ಮೇಲೆ ಕಟ್ಟಿಕೊಳ್ಳುವ ಪುಟ್ಟ ಬೆಳ್ಳಿ ಸಂಪುಟ. ಎಂಟನೆಯ ವರ್ಷದಲ್ಲಿ ಮಠದ ಸ್ವಾಮಿಗಳು ಕಟ್ಟಿದ್ದು, ಅವತ್ತಿನಿಂದ ಅದು ನನ್ನ ಮೈಬಿಟ್ಟು ಇಳಿದಿಲ್ಲ. ಭುಜದ ಮೇಲೆ ಹಾಕಿಕೊಂಡು ಮಲಗಿದೆ. ಗೆರೆಗಳು ಸರಿಯಾಗಿಯೇ ಬಂದವು. ಡಾಕ್ಟರು ಕಾಗದ ನೋಡಿ, "ಚೆನ್ನಾಗಿದೆ ಸ್ವಾಮಿ. ಆದ್ರೂ..." ಎಂದವರು ಮುಂದಿನವನನ್ನು ಕರೆದರು.

ಆ "ಆದ್ರೂ" ನಮ್ಮ ಮನೆಗೆ ಬಂದು ಗೂಟ ಹೊಡೆದುಕೊಂಡು ಕೂತಿತು.

"ಇನ್ಮೇಲೆ ಓಡೋದು ಬೇಡ ಕಣ್ರೀ" ಎಂದಳು ನನ್ನ ಹೆಂಡತಿ ರತ್ನ.

"ಚೆನ್ನಾಗಿದೆ ಅಂದ್ರಲ್ಲೇ ಡಾಕ್ಟ್ರು."

"ಆದ್ರೂ ಅಂದ್ಬುಟ್ರಲ್ಲ. ಅದಕ್ಕೇನಂತೀರ?"

ಅವಳ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಯಾಕೆಂದರೆ ಅಪ್ಪ ಹೋದದ್ದು ಎದೆಯಿಂದಲೇ. ಅವರು ಸಂತೇಪೇಟೆಯ ದವಸದ ಮಂಡಿಗಳಲ್ಲಿ ಮೂಟೆ ಹೊತ್ತು, ಆಮೇಲೆ ಅಲ್ಲೇ ಸಣ್ಣದೊಂದು ಅಂಗಡಿ ಇಟ್ಟವರು. ನಲವತ್ತೊಂಬತ್ತನೆಯ ವರ್ಷದಲ್ಲಿ ಒಂದು ಮಧ್ಯಾಹ್ನ ತಕ್ಕಡಿ ಹಿಡಿದವರು ಹಾಗೇ ಕೂತರು, ಮತ್ತೆ ಏಳಲಿಲ್ಲ.

ನನಗಾಗ ಎಷ್ಟು ವಯಸ್ಸು ಎಂಬುದರಲ್ಲಿ ಎರಡು ಪಕ್ಷಗಳಿದ್ದವು. ನಮ್ಮ ಕಾಲದಲ್ಲಿ ಶಾಲೆಗೆ ಸೇರಿಸಲು ಸರ್ಟಿಫಿಕೇಟು ಬೇಕಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಬೇಕಿತ್ತು. ಮುಟ್ಟಿದರೆ ವಯಸ್ಸಾಯಿತು ಎಂದು ಲೆಕ್ಕ. ನನ್ನ ಕೈ ಕೋತಿಯ ಕೈ. ನಾಲ್ಕನೆಯ ವರ್ಷಕ್ಕೇ ಕಿವಿ ಸಿಕ್ಕಿತು. ಹೆಡ್‌ಮೇಷ್ಟ್ರು ಸಂತೋಷಪಟ್ಟು ಎರಡು ವರ್ಷ ಸೇರಿಸಿ ಬರೆದುಕೊಂಡರು. ಹೀಗಾಗಿ ಪಾಸ್‌ಪೋರ್ಟಿನ ಪ್ರಕಾರ ನನಗೆ ಐವತ್ತೊಂದು, ಅಪ್ಪನ ವರ್ಷ ದಾಟಿ ಗೆದ್ದಿದ್ದೆ. ಅವ್ವನ ಪ್ರಕಾರ ನಲವತ್ತೊಂಬತ್ತು. ಸರ್ಕಾರ ನಂಬುವುದು ಪಾಸ್‌ಪೋರ್ಟನ್ನು, ರತ್ನ ನಂಬುವುದು ಅತ್ತೆಯನ್ನು.

"ಅಲ್ಲೋಗಿ ಓಡ್ಬೇಡಿ. ಮಾತು ಕೊಡಿ" ಎಂದಳು ಹೊರಡುವ ದಿನ.

"ಮೆಷಿನ್ ನೋಡಕ್ಕೆ ಹೋಗ್ತಿರೋದು ಕಣೇ, ಓಡಕ್ಕಲ್ಲ" ಎಂದು ಮಾತು ಕೊಟ್ಟೆ. ಓಡುವ ಬೂಟುಗಳು ಆಗಲೇ ಚಟ್ನಿಪುಡಿಯ ಡಬ್ಬಿಯ ಕೆಳಗೆ ಪೆಟ್ಟಿಗೆಯಲ್ಲಿದ್ದವು. ನನಗೆ ಭಯವಿರಲಿಲ್ಲ ಎಂದರೆ ಸುಳ್ಳಾದೀತು. ಅಪ್ಪನ ಎದೆಯೇ ನನಗೆ ಬಂದಿದೆಯೇ ಎಂಬ ಪ್ರಶ್ನೆ ಒಂದು ವರ್ಷದಿಂದ ಕೊರೆಯುತ್ತಿತ್ತು. ಊರಲ್ಲಿ ಓಡಿ ತಿಳಿದುಕೊಳ್ಳಲು ಮನೆಯವರು ಬಿಡುವಂತಿರಲಿಲ್ಲ.

ಮೊದಲ ದಿನ: ಹೆರ್ ಸ್ವಾಮಿ

ಆ ಊರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮೂರು ಬಾರಿ ಪ್ರಯತ್ನಿಸಿದೆ. ಮೂರು ಬಾರಿಯೂ ಬೇರೆ ಬೇರೆ ಊರಾಯಿತು. ನದಿ, ಕಾಡು, ಗುಡ್ಡ, ಗುಡ್ಡದ ಮೇಲೊಂದು ಚರ್ಚು. ರಸ್ತೆಯಲ್ಲಿ ಒಂದು ಹಸುವಿಲ್ಲ. ಒಂದು ವಾಹನವೂ ಬರದ ಬೀದಿಯಲ್ಲಿ ಕೆಂಪು ದೀಪ ಹತ್ತಿದೆಯೆಂದು ಐದಾರು ಜನ ಕಲ್ಲಿನ ಹಾಗೆ ನಿಂತಿದ್ದರು. ನಾನು ಅಭ್ಯಾಸಬಲದಿಂದ ದಾಟಿದೆ. ಒಬ್ಬಾಕೆ ನನ್ನನ್ನು ನೋಡಿದ ರೀತಿಗೆ ವಾಪಸ್ಸು ಹೋಗಿ ಮತ್ತೆ ನಿಂತುಕೊಂಡೆ.

ನನ್ನ ಹೆಸರು ಮಹದೇವಸ್ವಾಮಿ. ಪಾಸ್‌ಪೋರ್ಟ್ ಮಾಡಿದವನ ಕೃಪೆಯಿಂದ ಅದು ಎರಡು ತುಂಡಾಗಿ, ಅಲ್ಲಿ ನಾನು 'ಹೆರ್ ಸ್ವಾಮಿ', ಅಂದರೆ ಶ್ರೀಯುತ ಸ್ವಾಮಿ, ಆಗಿದ್ದೆ. ಪ್ರೆಸ್ ಕಲಿಸಬೇಕಾದ ಎಂಜಿನಿಯರು ಮೊದಲ ದಿನ ಸ್ವಲ್ಪ ತಗ್ಗಿದ ದನಿಯಲ್ಲಿ, "ನೀವು ಎಷ್ಟು ವರ್ಷದಿಂದ ಸ್ವಾಮಿ?" ಎಂದು ಕೇಳಿದ. ನನಗೆ ಮದುವೆಯಾಗಿ ಇಪ್ಪತ್ತೈದು ವರ್ಷವಾಗಿದೆ ಎಂದೆ. ಅವನಿಗೆ ಗೊಂದಲ ಇನ್ನೂ ಹೆಚ್ಚಿತು.

ಅವನ ಹೆಸರು ಊವೆ. ನಮ್ಮ ಕಡೆ 'ಹ'ಕಾರ ನುಂಗುವವರು ಹೂವನ್ನು ಕರೆಯುವ ಹಾಗೆಯೇ. ಆರಡಿ ಮೂರಂಗುಲದ ಬೋಳುತಲೆಯ ಹೂವು. ಇಬ್ಬರ ಇಂಗ್ಲಿಷೂ ಎರವಲಿನದಾದ್ದರಿಂದ ಮಾತು ಚೆನ್ನಾಗಿಯೇ ನಡೆಯಿತು. ನನ್ನ ಬೂಟು ನೋಡಿ, "ಓಡುತ್ತೀರಾ?" ಎಂದ. ಕಣ್ಣಲ್ಲಿ ಬೆಳಕು ಬಂತು. ಊರಿನ ಓಟಗಾರರ ಸಂಘಕ್ಕೆ ಅವನೇ ತರಬೇತುದಾರನಂತೆ. ಮೂರನೆಯ ಭಾನುವಾರ ಊರಿನ ಹತ್ತು ಕಿಲೋಮೀಟರ್ ಓಟ. ನಾನು ಬಾಯಿ ತೆರೆಯುವ ಮುನ್ನವೇ ನನ್ನ ಹೆಸರು ಬರೆದುಕೊಂಡ.

ಮೂರನೆಯ ದಿನ: ಗಡಿಯಾರ ವಯಸ್ಸು ಕೇಳಿತು

ಊವೆಯನ್ನು "ಚೆನ್ನಾಗಿದ್ದೀರಾ?" ಎಂದು ಕೇಳಿದರೆ ಮೊದಲು ಮಣಿಕಟ್ಟು ನೋಡುತ್ತಾನೆ, ಆಮೇಲೆ ಉತ್ತರ ಕೊಡುತ್ತಾನೆ. ಅವನ ಎದೆಗೆ ಒಂದು ರಬ್ಬರಿನ ಪಟ್ಟಿ, ಕೈಗೆ ಅದರ ಜೊತೆಯ ಗಡಿಯಾರ. ಪಟ್ಟಿ ಬಡಿತ ಹಿಡಿದು ಕಳಿಸುತ್ತದೆ, ಗಡಿಯಾರ ತೋರಿಸುತ್ತದೆ. ಮಿತಿ ಮೀರಿದರೆ ಕೂಗುತ್ತದೆ. ಕೂಗಿದರೆ ಇಳಿಜಾರಾದರೂ ಸರಿ, ಹಿಂದೆ ನಾಯಿ ಬರುತ್ತಿದ್ದರೂ ಸರಿ, ವೇಗ ತಗ್ಗಿಸಬೇಕು. ಓಡಿ ಬಂದ ಮೇಲೆ ಎಷ್ಟು ಬಿಯರು ಕುಡಿಯಬಹುದೆಂದೂ ಅದೇ ಹೇಳುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುವ ಊರಿನವನು ನಾನು. ದಣಿವಾಯಿತೋ ಇಲ್ಲವೋ ಎಂದು ಗಡಿಯಾರವನ್ನು ಕೇಳುವ ಜನರನ್ನು ನೋಡಿ ಒಳಗೊಳಗೇ ನಕ್ಕೆ.

ಆದರೆ ಊವೆ ತನ್ನ ಹಳೆಯ ಗಡಿಯಾರವೊಂದನ್ನು ತಂದು ನನ್ನ ಮುಂದಿಟ್ಟಾಗ ನಗು ನಿಂತಿತು. ಒಂದು ವರ್ಷದ ನನ್ನ ಪ್ರಶ್ನೆಗೆ ಉತ್ತರ ಹೇಳುವ ವಸ್ತು ಮೇಜಿನ ಮೇಲಿತ್ತು. ಕೈ ತಾನಾಗಿ ಮುಂದೆ ಹೋಯಿತು.

"ವಯಸ್ಸು?" ಎಂದ ಊವೆ. ಇನ್ನೂರ ಇಪ್ಪತ್ತರಲ್ಲಿ ವಯಸ್ಸು ಕಳೆದರೆ ಎದೆ ಬಡಿಯಬಹುದಾದ ಗರಿಷ್ಠ ಲೆಕ್ಕ ಸಿಗುತ್ತದಂತೆ.

"ಯಾವುದು ಬೇಕು?" ಎಂದೆ.

ಅವನು ಪೆನ್ನು ಕೆಳಗಿಟ್ಟ. ಒಬ್ಬ ಮನುಷ್ಯನಿಗೆ ಎರಡು ವಯಸ್ಸು ಇರುವುದು ಹೇಗೆ ಎಂದು ವಿವರಿಸಲು ಕಾಲು ಗಂಟೆ ಬೇಕಾಯಿತು. ಕೈಯನ್ನು ತಲೆಯ ಮೇಲಿಂದ ತಂದು ಕಿವಿ ಮುಟ್ಟಿ ತೋರಿಸಿದೆ. ಊವೆಯೂ ಮುಟ್ಟಿಕೊಂಡ. ಬಾಗಿಲಲ್ಲಿ ಬಂದು ನಿಂತ ಅವನ ಮೇಲಧಿಕಾರಿ, ಇಬ್ಬರು ನಡುವಯಸ್ಕರು ಎದುರುಬದುರು ಕೂತು ಬಲಗೈಯಲ್ಲಿ ಎಡಕಿವಿ ಹಿಡಿದಿರುವುದನ್ನು ಕಂಡು, ಸ್ವಾಮಿ ಏನೋ ಯೋಗ ಕಲಿಸುತ್ತಿದ್ದಾರೆಂದು ಸದ್ದಿಲ್ಲದೆ ಹೋದ.

ಕೊನೆಗೆ ಊವೆ ಪಾಸ್‌ಪೋರ್ಟಿನ ವಯಸ್ಸನ್ನೇ ಒಪ್ಪಿದ. ಗರಿಷ್ಠ ನೂರ ಅರವತ್ತೊಂಬತ್ತು. ಅಭ್ಯಾಸದಲ್ಲಿ ನೂರ ನಲವತ್ತನಾಲ್ಕು, ಓಟದ ದಿನ ನೂರ ಅರವತ್ತೈದು ದಾಟಬಾರದು. ಹೆಡ್‌ಮೇಷ್ಟ್ರ ಉದಾರತೆಯಿಂದ ಎರಡು ಬಡಿತ ನಷ್ಟವಾಗಿತ್ತು.

ನಾಲ್ಕನೆಯ ದಿನ: ಕಾಡಿನ ದಾರಿ

ನಾನು ಸಂಕೋಚದ ಮನುಷ್ಯ. ಪಟ್ಟಿಯನ್ನು ಬಚ್ಚಲಿಗೆ ಒಯ್ದು ಬನಿಯನ್ನಿನ ಒಳಗೆ ಕಟ್ಟಿಕೊಂಡು ಬಂದೆ. ನಿಂತಾಗ ಗಡಿಯಾರ ಅರವತ್ತೆರಡು ಎಂದಿತು. ಊವೆ ನನ್ನ ಬೆನ್ನು ತಟ್ಟಿ, "ಇದು ಯೋಗಿಯ ಹೃದಯ" ಎಂದ. ನಾನು ನಮ್ರತೆಯಿಂದ ಒಪ್ಪಿಕೊಂಡೆ.

ಓಡತೊಡಗಿದೆವು. ಹತ್ತು ಹೆಜ್ಜೆ ಆಗಿರಬೇಕು, ಗಡಿಯಾರ ಕೂಗಿತು. ನೂರ ಎಂಬತ್ತು. ಇನ್ನೈದು ಹೆಜ್ಜೆ. ಇನ್ನೂರ ಮೂರು. ಆಮೇಲೆ ಸೊನ್ನೆ.

ಊವೆ ನನ್ನ ರಟ್ಟೆ ಹಿಡಿದು ನಿಲ್ಲಿಸಿದ. ಅವನ ಮುಖದಲ್ಲಿ ರಕ್ತವಿರಲಿಲ್ಲ. ನಾನು ಸತ್ತಿದ್ದೇನೆಂದು ಗಡಿಯಾರ ಹೇಳುತ್ತಿತ್ತು, ನಾನು ಅವನ ಎದುರು ನಿಂತು ಉಸಿರಾಡುತ್ತಿದ್ದೆ, ಇಬ್ಬರಲ್ಲಿ ಯಾರನ್ನು ನಂಬಬೇಕೆಂದು ಅವನಿಗೆ ತಿಳಿಯಲಿಲ್ಲ. ನಿಂತ ಒಂದು ನಿಮಿಷಕ್ಕೆ ಮತ್ತೆ ಎಪ್ಪತ್ತು. ಓಡಿದರೆ ಮತ್ತೆ ಇನ್ನೂರು.

"ಹೆರ್ ಸ್ವಾಮಿ, ಎದೆ ನೋಯುತ್ತಿದೆಯೇ?"

"ಇಲ್ಲ."

"ತಲೆ ಸುತ್ತು?"

"ಇಲ್ಲ."

"ಗಡಿಯಾರದ ಪ್ರಕಾರ ಇರಬೇಕು" ಎಂದ.

ನಗಬೇಕಾದ ಮಾತು. ನಗಲಿಲ್ಲ. ನಮ್ಮಿಬ್ಬರ ಮುಖಗಳ ನಡುವೆ ಅಪ್ಪನ ತಕ್ಕಡಿ ಕಂಡಿತು. ಇನ್ನೊಂದು ಹೇಳುತ್ತೇನೆ ಕೇಳಿ, ಆ ರಾತ್ರಿಯಿಂದ ನನ್ನ ಎದೆ ನಿಜವಾಗಿಯೂ ನೋಯತೊಡಗಿತು.

ಎರಡನೆಯ ವಾರ: ಕೋಲು ಹಿಡಿದ ಅಜ್ಜಿಯರು

ಊವೆ ತೀರ್ಪು ಕೊಟ್ಟ: ಒಂದು ವಾರ ಓಡುವಂತಿಲ್ಲ, ನಡೆಯಬೇಕು. ಗಡಿಯಾರ ಒಪ್ಪಿದರೆ ಮಾತ್ರ ಓಟದ ನಂಬರು ಬಟ್ಟೆ ಕೈಗೆ ಬರುತ್ತದೆ. ಅತಿಥಿ ತನ್ನ ಊರಲ್ಲಿ ಸತ್ತರೆ ಎಷ್ಟು ಅರ್ಜಿ ತುಂಬಬೇಕೆಂದು ಅವನಿಗೆ ಗೊತ್ತಿತ್ತು.

ನಡೆದೆ. ಗಡಿಯಾರ ಕೂಗದ ಹಾಗೆ, ಎದೆ ಅಲುಗದ ಹಾಗೆ, ತುಂಬಿದ ಕೊಡ ಹೊತ್ತವನಂತೆ ನಡೆದೆ. ಆ ಕಾಡಿನಲ್ಲಿ ಇನ್ನೊಂದು ಸೋಜಿಗ ಕಂಡೆ. ಎರಡೂ ಕಾಲು ಗಟ್ಟಿಯಾಗಿರುವ ಹೆಂಗಸರು ಎರಡು ಕೈಯಲ್ಲಿ ಎರಡು ಕೋಲು ಹಿಡಿದು, ಟಕಟಕ ನೆಲ ಕುಟ್ಟುತ್ತ, ಹಿಮವೇ ಇಲ್ಲದ ದಾರಿಯಲ್ಲಿ ಹಿಮದ ಮೇಲೆ ಹೋಗುವವರಂತೆ ಹೋಗುತ್ತಿದ್ದರು. ನಮ್ಮಲ್ಲಿ ಕೋಲು ಹಿಡಿದವರಿಗೆ ಬಸ್ಸಿನಲ್ಲಿ ಸೀಟು ಕೊಡುತ್ತೇವೆ. ಇಲ್ಲಿ ಅವರೇ ನನ್ನನ್ನು ಹಿಂದೆ ಹಾಕಿ, ಹೋಗುವಾಗ ಕರುಣೆಯಿಂದ ತಲೆಯಾಡಿಸುತ್ತಿದ್ದರು. ಅವರಲ್ಲೊಬ್ಬಾಕೆ, ಊವೆಯ ನೆರೆಮನೆಯ ಎಪ್ಪತ್ತು ದಾಟಿದ ಹಿಲ್ಡೆ, ದಿನವೂ ನನ್ನ ಹತ್ತಿರ ಬಂದು ನಿಧಾನಿಸಿ, ನಾನು ಇನ್ನೂ ಬದುಕಿದ್ದೇನೆಯೇ ಎಂದು ನೋಡಿಕೊಂಡು ಹೋಗುತ್ತಿದ್ದಳು.

ಮನೆಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. "ಓಡ್ತಿಲ್ಲ ತಾನೇ?" ಎಂದು ರತ್ನ ಕೇಳಿದಳು. "ಇಲ್ಲ ಕಣೇ, ಆಣೆಗೂ ಇಲ್ಲ" ಎಂದೆ. ನಿಜ ಹೇಳುವುದು ಇಷ್ಟು ಅವಮಾನದ ಕೆಲಸವೆಂದು ಗೊತ್ತಿರಲಿಲ್ಲ.

ಮೂರನೆಯ ವಾರ: ಬೆಂಚು

ಊವೆ ಎಷ್ಟಾದರೂ ಎಂಜಿನಿಯರು. ಗಡಿಯಾರವನ್ನು ದೇವರೆಂದು ನಂಬಿದರೂ ಪಟ್ಟಿಯನ್ನು ನಂಬಿರಲಿಲ್ಲ. ಒಂದು ಸಂಜೆ ಅದನ್ನು ತಾನು ಕಟ್ಟಿಕೊಂಡು ಓಡಿ ನೋಡಿದ. ನೂರ ಮೂವತ್ತು, ನೂರ ಮೂವತ್ತೈದು, ಒಂದು ತಪ್ಪಿಲ್ಲ. ನನಗೆ ಕಟ್ಟಿ ಮತ್ತೆ ಓಡಿಸಿದ. ಇನ್ನೂರ ಹತ್ತು. ಆದರೆ ಈ ಸಲ ಅವನು ಗಡಿಯಾರ ನೋಡದೆ ತಲೆ ಓರೆ ಮಾಡಿ ಕಿವಿಗೊಟ್ಟಿದ್ದ, ಕೆಟ್ಟ ಬೇರಿಂಗಿನ ಸದ್ದು ಹಿಡಿಯುವ ಮೆಕ್ಯಾನಿಕ್ಕಿನ ಹಾಗೆ.

"ಅದೇನು ಟಕ್ ಟಕ್?"

"ಯಾವ ಟಕ್ ಟಕ್?"

ಅವನು ನನ್ನ ಎದೆಗೆ ಬೆರಳು ತೋರಿಸಿದ. ಬನಿಯನ್ನಿನ ಒಳಗೆ ಕೈಹಾಕಿದೆ. ಕರಡಿಗೆ ಸರಿಯಾಗಿ ಪಟ್ಟಿಯ ನಡುವಿನ ಗುಂಡಿಯ ಮೇಲೆ ಕೂತಿತ್ತು. ಪ್ರತಿ ಹೆಜ್ಜೆಗೂ ಬೆಳ್ಳಿ ಹೋಗಿ ಅದನ್ನು ಕುಟ್ಟುತ್ತಿತ್ತು. ಪಾಪ, ಆ ಪಟ್ಟಿ ನನ್ನ ಎದೆಯನ್ನೂ ಕರಡಿಗೆಯನ್ನೂ ಒಟ್ಟಿಗೆ ಎಣಿಸುತ್ತಿತ್ತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಮೂಗು ಮುಖದ ಮೇಲಿದೆಯೆಂದು ಯಾರಾದರೂ ದಿನಾ ನೆನಪಿಟ್ಟುಕೊಳ್ಳುತ್ತಾರೆಯೇ? ನಲವತ್ತು ವರ್ಷದಿಂದ ಎದೆಯ ಮೇಲಿದ್ದುದನ್ನು ನಾನು ಮರೆತಿದ್ದೆ. ನಮ್ಮ ಡಾಕ್ಟರು ಕೇಳಿದ್ದ ಆ "ಏನೋ ಸದ್ದು" ಕೂಡ ಇದೇ ಇದ್ದೀತೇ ಎಂದು ಆಗ ಹೊಳೆಯಿತು. ಆಣೆ ಮಾಡಿ ಹೇಳಲಾರೆ.

"ಒಳಗೆ ಏನಿದೆ?" ಎಂದ ಊವೆ.

"ದೇವರು" ಎಂದೆ. ಎರವಲು ಇಂಗ್ಲಿಷಿನಲ್ಲಿ ಅದಕ್ಕಿಂತ ಹೆಚ್ಚು ಹೇಳಲು ಬರಲಿಲ್ಲ.

ಅವನು ಗೌರವದಿಂದ ಒಂದು ಹೆಜ್ಜೆ ಹಿಂದೆ ಸರಿದ. ಯೋಚಿಸಿದ. ದಾರಿಯ ಬದಿಯ ಬೆಂಚನ್ನು ಕರವಸ್ತ್ರದಿಂದ ಒರೆಸಿದ. "ದೇವರನ್ನು ಇಲ್ಲಿ ಹತ್ತು ನಿಮಿಷ ಇಡಿ. ನಾನು ಪಕ್ಕದಲ್ಲೇ ಕೂತು ನೋಡಿಕೊಳ್ಳುತ್ತೇನೆ. ನೀವು ಆ ಮರದವರೆಗೆ ಓಡಿ ಬನ್ನಿ. ನಿಮ್ಮ ಹೃದಯ ಹೇಗಿದೆಯೆಂದು ಗೊತ್ತಾಗಲಿ."

ಅವನ ಮಾತಿನಲ್ಲಿ ಕುಚೋದ್ಯವಿರಲಿಲ್ಲ. ಅದಕ್ಕೇ ಕಷ್ಟವಾಯಿತು. ಎಂಟು ವರ್ಷದವನಿದ್ದಾಗ ದೀಕ್ಷೆಯ ದಿನ ಅವ್ವ ಹೇಳಿದ್ದಳು, ಇದು ಮೈಬಿಟ್ಟು ಇಳಿದರೆ ಪ್ರಾಣ ಇಳಿದ ಹಾಗೆ ಎಂದು. ನಿನ್ನ ಪ್ರಾಣ ಗಟ್ಟಿಯಾಗಿದೆಯೇ ನೋಡೋಣ, ಮೊದಲು ಅದನ್ನು ತೆಗೆದು ಬೆಂಚಿನ ಮೇಲಿಡು ಎಂದು ಈ ಪುಣ್ಯಾತ್ಮ ಹೇಳುತ್ತಿದ್ದ. ನಾನು ದೊಡ್ಡ ಭಕ್ತನೇನಲ್ಲ; ಬೆಳಗಿನ ಪೂಜೆಯನ್ನು ಎಷ್ಟೋ ದಿನ ಫ್ಯಾಕ್ಟರಿ ಬಸ್ಸಿನ ಹಾರ್ನಿಗೆ ಹೆದರಿ ಎರಡು ನಿಮಿಷಕ್ಕೆ ಮುಗಿಸಿದವನು. ಆದರೂ ದಾರದ ಗಂಟಿಗೆ ಹೋದ ಕೈ ಅಲ್ಲೇ ನಿಂತಿತು.

ಬೆನ್ನಿನ ಮೇಲೆ ಹಾಕಿಕೊಂಡು ಓಡಿ ನೋಡಿದೆ. ಇಪ್ಪತ್ತು ಹೆಜ್ಜೆಗೆ ಸುತ್ತಿ ಬಂದು ಎದೆಗೇ ನಿಂತಿತು. ಭುಜದ ಮೇಲೆ ಇಟ್ಟುಕೊಂಡೆ. ಜಾರಿ ಬಂತು. ಅದರ ಜಾಗ ಅದಕ್ಕೆ ಗೊತ್ತಿತ್ತು. "ಬೇಡ ಬಿಡಿ, ನಂಬರು ಬಟ್ಟೆ ಬೇರೆ ಯಾರಿಗಾದರೂ ಕೊಡಿ" ಎಂದೆ ಊವೆಗೆ.

ಶನಿವಾರ: ಟರ್ಕಿಯವನ ಟೆಲಿಫೋನ್ ಅಂಗಡಿ

ಊರಿನ ರೈಲು ನಿಲ್ದಾಣದ ಎದುರು ಟರ್ಕಿಯವನೊಬ್ಬ ನಾಲ್ಕು ಗಾಜಿನ ಗೂಡು ಇಟ್ಟು ಟೆಲಿಫೋನ್ ಅಂಗಡಿ ನಡೆಸುತ್ತಿದ್ದ. ನಮ್ಮ ಎಸ್.ಟಿ.ಡಿ. ಬೂತಿನ ತಮ್ಮನಂತಿತ್ತು. ಅವ್ವನನ್ನು ಉಪಾಯವಾಗಿ ಒಂದು ಮಾತು ಕೇಳೋಣವೆಂದು ಹೋದೆ. ಫೋನ್ ಎತ್ತಿದ್ದು ರತ್ನ.

"ಅವ್ವಂಗೆ ಕೊಡು."

"ಯಾಕೆ?"

"ಸುಮ್ನೆ ಕಣೇ. ಮಾತಾಡ್ಬಾರ್ದಾ?"

ಅವ್ವನಿಗೆ ಕಿವಿ ಮಂದ. ನಾನು ಗೂಡಿನೊಳಗೆ ಆದಷ್ಟು ತಗ್ಗಿದ ದನಿಯಲ್ಲಿ, "ಅವ್ವ, ಜೋರಾಗಿ ಅಲ್ಲಾಡೋ ಕೆಲಸ ಮಾಡೋವಾಗ ಲಿಂಗ ಎಲ್ಲಿ ಕಟ್ಕೋಬೇಕು?" ಎಂದೆ.

"ಏನಂದೆ? ಓಡೋವಾಗ ಲಿಂಗ ಎಲ್ ಕಟ್ಕೋಬೇಕಾ?" ಎಂದು ಅವ್ವ ಇಡೀ ಜಯಲಕ್ಷ್ಮಿಪುರಕ್ಕೆ ಕೇಳುವಂತೆ ಕೂಗಿದಳು. ಓಡುವ ಮಾತನ್ನು ನಾನು ಆಡಿಯೇ ಇರಲಿಲ್ಲ. ಹೆತ್ತವಳಿಗೆ ಕಿವಿ ಯಾಕೆ ಬೇಕು.

"ಮೆಲ್ಲಗೆ ಅವ್ವ!"

"ಅಷ್ಟೂ ಗೊತ್ತಿಲ್ವೇನೋ ನಿಂಗೆ? ನಿಮ್ಮಪ್ಪ ಮೂಟೆ ಒರೋವಾಗ ರಟ್ಟೆಗೆ ಕಟ್ಕೋತಿದ್ರು ಕಣೋ. ಎದೆ ಮ್ಯಾಲಿದ್ರೆ ಮೂಟೆ ಒತ್ತಿ ಕರಡಿಗೆ ನೆಗ್ಗೋಯ್ತದೆ ಅಂತ. ಒಂದು ಬಟ್ಟೇಲಿ ಸುತ್ತಿ ಬಿಗಿಯಾಗಿ ಕಟ್ಕೋ. ದೇವ್ರಿಗೆ ಎದೆ ಆದ್ರೇನು, ರಟ್ಟೆ ಆದ್ರೇನು? ಸೊಂಟದ ಕೆಳಗೆ ಇಳೀಬಾರ್ದು ಅಷ್ಟೇಯ."

ಮೂರು ದಿನ ನಾನು ಧರ್ಮಸಂಕಟವೆಂದು ಹೊತ್ತು ತಿರುಗಿದ್ದು ಅಪ್ಪನಿಗೆ ಬರೀ ಕೆಲಸದ ಒಂದು ಅನುಕೂಲವಾಗಿತ್ತು. ಅಪ್ಪನ ಬಲರಟ್ಟೆಯ ಮೇಲೆ ಬಿಳಿಯ ಗೆರೆಯೊಂದು ಇದ್ದದ್ದು ಥಟ್ಟನೆ ನೆನಪಾಯಿತು. ಗಾಯದ ಗುರುತೆಂದು ತಿಳಿದಿದ್ದೆ. ದಾರದ ಗುರುತು.

ಅಷ್ಟರಲ್ಲಿ ಫೋನು ಕೈಬದಲಾಯಿತು. ಆ ಕಡೆ ಬಳೆಗಳ ಸದ್ದು.

"ರತ್ನ?"

"ಓಡ್ತಿದೀರ."

"ಇಲ್ಲ ಕಣೇ, ಆಣೆಗೂ ಇನ್ನೂ ಓಡಿಲ್ಲ. ಬರೀ..." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಲ್ಲವನ್ನೂ ಹೇಳಿಬಿಟ್ಟೆ. ಗಡಿಯಾರ, ಇನ್ನೂರ ಮೂರು, ಬೆಂಚು, ನಾಳೆಯ ಓಟ.

ಎಲ್ಲ ಕೇಳಿ, "ಬೇಡ ಅಂದ್ರೆ ಬುಡ್ತೀರಾ?" ಎಂದಳು.

"ನೀನು ಬೇಡ ಅಂದ್ರೆ ಬಿಡ್ತೀನಿ."

"ಬುಟ್ಟು, ಬಂದು ಇಲ್ಲಿ ಗೋಡೆ ನೋಡ್ಕೊಂಡು ಕೂತ್ಕೋತೀರ. ಒಂದೊರ್ಷದಿಂದ ನೋಡ್ತಿಲ್ವಾ ನಾನು. ಓಡಿ. ಓಡಿದ ತಕ್ಷಣ ಫೋನ್ ಮಾಡಿ" ಎಂದು ಇಟ್ಟುಬಿಟ್ಟಳು.

ಭಾನುವಾರ: ಹತ್ತು ಕಿಲೋಮೀಟರ್

ಬೆಳಿಗ್ಗೆ ಊವೆ ತನ್ನ ಕೈಯಾರೆ ಕರವಸ್ತ್ರ ಸುತ್ತಿ ಕರಡಿಗೆಯನ್ನು ನನ್ನ ಬಲರಟ್ಟೆಗೆ ಬಿಗಿದ, ಯಂತ್ರದ ಕೊಳವೆಗೆ ಪಟ್ಟಿ ಬಿಗಿಯುವವನ ಶ್ರದ್ಧೆಯಿಂದ. ದಾರವನ್ನು ನಾನು ಕೊರಳಿಂದ ಬಿಚ್ಚದೆ ಉದ್ದ ಮಾಡಿಕೊಂಡಿದ್ದೆ. ಇಬ್ಬರೂ ನೂರು ಹೆಜ್ಜೆ ಓಡಿದೆವು. ನೂರ ಹದಿನೆಂಟು. ಮತ್ತೆ ನೂರು ಹೆಜ್ಜೆ. ನೂರ ಇಪ್ಪತ್ತಾರು. ಇಷ್ಟು ದಿನದ ಎದೆನೋವು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಯಾರಿಗೂ ಕೊಡದೆ ಇಟ್ಟಿದ್ದ ನಂಬರು ಬಟ್ಟೆಯನ್ನು ಕೈಗಿಟ್ಟು ಊವೆ ನಡುರಸ್ತೆಯಲ್ಲಿ ನನ್ನನ್ನು ತಬ್ಬಿಕೊಂಡ. ದೀಪ ಕೆಂಪಿತ್ತೋ ಹಸಿರಿತ್ತೋ ಇಬ್ಬರೂ ನೋಡಲಿಲ್ಲ.

ಓಟದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮುನ್ನೂರು ಜನ ಇದ್ದರು, ಮುನ್ನೂರು ಮಣಿಕಟ್ಟುಗಳಿದ್ದವು. ಎಡಕ್ಕೆ ನದಿ, ಬಲಕ್ಕೆ ಹಣ್ಣಾದ ಎಲೆಗಳ ಕಾಡು, ಅದನ್ನು ನೋಡಿದವರು ಬಹುಶಃ ಇಬ್ಬರೇ, ನಾನು ಮತ್ತು ಹಿಲ್ಡೆ. ಆರನೆಯ ಕಿಲೋಮೀಟರಿನಲ್ಲಿ ಚರ್ಚಿನ ಗುಡ್ಡ. ಏರಿನಲ್ಲಿ ಸುತ್ತಲೂ ಗಡಿಯಾರಗಳು ಜೀರುಂಡೆಗಳಂತೆ ಕೂಗತೊಡಗಿದವು. ಕೂಗಿದ್ದೇ ತಡ, ಗಟ್ಟಿಮುಟ್ಟಾದ ಗಂಡಸರು ಶಾಲೆಯ ಮಕ್ಕಳಂತೆ ನಡೆಯತೊಡಗಿದರು. ಊವೆಯೂ ನಡೆದ. ಏದುಸಿರಿಲ್ಲ, ಬೆವರಿಲ್ಲ, ಆಜ್ಞೆಯಾಗಿದೆ, ನಡೆದ. ಕೋಲುಗಳನ್ನು ಮನೆಯಲ್ಲಿಟ್ಟು ಬಂದಿದ್ದ ಹಿಲ್ಡೆ ಬರಿಯ ಕೈಯಲ್ಲಿ ಅವನ ಪಕ್ಕದಿಂದ ಓಡಿ ಹೋಗಿ ತುದಿ ಮುಟ್ಟಿದಳು. ಅವಳ ಬಳಿ ಗಡಿಯಾರವೇ ಇರಲಿಲ್ಲ. ಸಮಯ ಎಷ್ಟೆಂದು ಊವೆಯನ್ನೇ ಕೇಳಿದಳು.

ನನ್ನದು ನೂರ ಐವತ್ತರ ಆಸುಪಾಸಿನಲ್ಲಿ ಕೊನೆಯವರೆಗೂ ಸ್ಥಿರವಾಗಿತ್ತು. ಪ್ರತಿ ಕಿಲೋಮೀಟರಿಗೆ ನೋಡಿದೆ. ನಗುತ್ತಿದ್ದವನು ನಾನೇ, ಈಗ ಅವರೆಲ್ಲರಿಗಿಂತ ಹೆಚ್ಚು ನೋಡುತ್ತಿದ್ದವನೂ ನಾನೇ. ಗೆರೆ ದಾಟಿದಾಗ ಗರಿಷ್ಠ ನೂರ ಅರವತ್ತೊಂದು. ಒಂದು ಸಲವೂ ತಪ್ಪಿರಲಿಲ್ಲ, ಒಂದು ಸಲವೂ ತಡವರಿಸಿರಲಿಲ್ಲ. ಇದು ಅಪ್ಪನ ಎದೆಯಲ್ಲ ಎಂದು ಸಮಾಧಾನವಾಗಬೇಕಿತ್ತು. ಆದರೆ ರಟ್ಟೆಯ ಗಂಟನ್ನು ಮುಟ್ಟಿಕೊಂಡು ಅಲ್ಲೇ ಹುಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಅಪ್ಪನಿಗೂ ಯಾರಾದರೂ ಒಮ್ಮೆ ಎಣಿಸಿ ಹೇಳಿದ್ದರೆ ಎನಿಸಿತು. ಪಕ್ಕದಲ್ಲಿ ಒಬ್ಬ ಗೆರೆಯ ಮೇಲೇ ಮುಗ್ಗರಿಸಿ ಬಿದ್ದ. ಬಿದ್ದವನು ಮೊದಲು ಗಡಿಯಾರದ ಗುಂಡಿ ಒತ್ತಿದ, ಆಮೇಲೆ ಮೊಣಕಾಲು ನೋಡಿಕೊಂಡ. ಅಳು ಅಲ್ಲಿಗೆ ನಿಂತಿತು.

ಫೋನಿನಲ್ಲಿ ರತ್ನ, "ಸರಿ. ಊಟ ಮಾಡಿ" ಎಂದಳು. ಅಷ್ಟೇ.

ಮತ್ತೆ ಜಯಲಕ್ಷ್ಮಿಪುರಂ

ಹೊರಡುವಾಗ ಊವೆ ಆ ಗಡಿಯಾರವನ್ನು ನನಗೇ ಕೊಟ್ಟ. ಊರಿಗೆ ಬಂದ ವಾರವೆಲ್ಲ ನಮ್ಮ ಬೀದಿಯವರು ಒಬ್ಬೊಬ್ಬರಾಗಿ ಬಂದು ಪಟ್ಟಿ ಕಟ್ಟಿಸಿಕೊಂಡರು. ಕಾಫಿಗೆ ಮುಂಚೆ ಒಂದು ಸಲ, ಕಾಫಿ ಕುಡಿದು ಒಂದು ಸಲ. ಕಡಿಮೆ ಬಂದವರು ಬೀಗಿದರು, ಹೆಚ್ಚು ಬಂದವರು ಗಡಿಯಾರ ಕೆಟ್ಟಿದೆ ಎಂದರು. ಜರ್ಮನಿಯವರನ್ನು ನೋಡಿ ಇಷ್ಟೆಲ್ಲ ಆಡಿಕೊಂಡೆನಲ್ಲ, ನಮ್ಮ ಬೀದಿ ಒಂದೇ ವಾರದಲ್ಲಿ ಅವರನ್ನು ಮೀರಿಸಿತು.

ನಾನು ಮತ್ತೆ ಕೆರೆಗೆ ಓಡತೊಡಗಿದೆ. ರತ್ನ ಬೇಡ ಎನ್ನಲಿಲ್ಲ. ನನ್ನ ಅಂಕಿಗಳನ್ನು ದಿನಾ ಅವಳಿಗೆ ಓದಿ ಹೇಳುತ್ತಿದ್ದೆ, ಅವಳು ತಲೆಯಾಡಿಸುತ್ತಿದ್ದಳು. ಆ "ಆದ್ರೂ" ಮನೆ ಖಾಲಿ ಮಾಡಿತೆಂದೇ ತಿಳಿದಿದ್ದೆ.

ಒಂದು ಬೆಳಿಗ್ಗೆ ಅವಳು, "ಇವತ್ತು ಅದು ನಂಗಿರ್ಲಿ" ಎಂದಳು. ಹೆಂಗಸಿಗೂ ಆಸೆಯಾಗಿದೆ ಎಂದು ನಗುತ್ತ ಪಟ್ಟಿ ಕೊಟ್ಟೆ, ಗುಂಡಿ ಒತ್ತಿ ಗಡಿಯಾರವನ್ನು ಅವಳ ಕೈಗೆ ಕಟ್ಟಿ ಹೊರಟೆ. ಕೆರೆಯ ಹತ್ತಿರ ಹಳೆಯ ಸಹೋದ್ಯೋಗಿಯೊಬ್ಬ ಸಿಕ್ಕಿದ. ಕೋಲಜ್ಜಿಯರ ಕಥೆ ಹೇಳುತ್ತ ನಿಂತವನಿಗೆ ಹೊತ್ತು ಹೋದದ್ದು ತಿಳಿಯಲಿಲ್ಲ. ಮನೆಗೆ ಬಂದಾಗ ಅರ್ಧ ಗಂಟೆ ತಡ. ರತ್ನ ಗೇಟಿನ ಬಳಿ ಮೆಟ್ಟಿಲ ಮೇಲೆ ಕೂತಿದ್ದಳು. ಗಡಿಯಾರ ಬಿಚ್ಚಿ ನನ್ನ ಕೈಗಿಟ್ಟಳು.

ಗರಿಷ್ಠ ನೂರ ನಲವತ್ತೆಂಟು.

"ಏನ್ ಮಾಡ್ತಿದ್ದೆ? ನೀರೇನಾದ್ರೂ ಹೊತ್ತೆಯಾ?"

"ಇಲ್ಲೇ ಕೂತಿದ್ದೆ."

"ಕೂತ್ಕೊಂಡು ಇಷ್ಟು ಬರಲ್ಲ ಕಣೇ." ಆಗ ಹೊಳೆಯಿತು. ಅವಳ ಕೊರಳಲ್ಲೂ ಇದೆಯಲ್ಲ! ಈ ವಿಷಯದಲ್ಲಿ ನಾನೀಗ ಪಂಡಿತ. "ಅಯ್ಯೋ, ಇದು ನಿನ್ನ ಎದೆ ಅಲ್ಲ. ಕರಡಿಗೆ ಬಡಿದಿರೋದು."

ರತ್ನ ಸೆರಗು ಸರಿಸಿ ಬಲದೋಳು ತೋರಿಸಿದಳು. ಬಟ್ಟೆಯಲ್ಲಿ ಸುತ್ತಿ, ಬಿಗಿಯಾಗಿ, ಅವ್ವ ಹೇಳಿದ ಹಾಗೆಯೇ ಕಟ್ಟಿಕೊಂಡಿದ್ದಳು.

"ಆದ್ರೂ..." ಎಂದೆ.

ಈಗ ನಾನು ಕೆರೆಗೆ ಹೋಗುವುದಿಲ್ಲ. ನಮ್ಮ ಬೀದಿಯಲ್ಲೇ ಓಡುತ್ತೇನೆ, ಮೂಲೆಯ ಹಾಲಿನ ಬೂತಿನಿಂದ ನಮ್ಮ ಗೇಟಿನವರೆಗೆ, ಮತ್ತೆ ಬೂತಿಗೆ. ಬೀದಿಯವರು ಗಾಣದ ಎತ್ತು ಎನ್ನುತ್ತಾರೆ, ಎನ್ನಲಿ. ಎದೆ ಬಡಿತದ ಲೆಕ್ಕದ ಮೇಲೆಯೇ ಓಡಬೇಕೆಂದು ಊವೆ ಕಲಿಸಿದ್ದನ್ನು ನಾನು ಬಿಟ್ಟಿಲ್ಲ. ಪಟ್ಟಿ ಇರುವುದು ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿ ಬಿಡಿಸುವವಳಿಗೆ. ಪ್ರತಿ ಸುತ್ತಿಗೂ ಗೇಟಿನ ಮುಂದೆ ಬಂದಾಗ "ಎಷ್ಟು?" ಎನ್ನುತ್ತೇನೆ. ಅವಳು ಮಣಿಕಟ್ಟು ನೋಡಿ, "ಎಪ್ಪತ್ತೆಂಟು, ಓಡಿ" ಎನ್ನುತ್ತಾಳೆ.